ಉದುರದ ಕೂದಲು

ಟಿಲ್ಲಿ ಸತ್ತು ಎರಡು ಚಳಿಗಾಲ.
ಇವತ್ತು ಬೇಟೆಕೋಟಿನ ಕಿಸೆಯಲ್ಲಿ
ತೋಟಾ ತಡಕುವಾಗ ಬೆರಳಿಗೆ ಸುತ್ತಿಕೊಂಡಿತು
ಒಂದೇ ಒಂದು ಕರಿ ಕೂದಲು.
ಊದಿಬಿಡಲಿಲ್ಲ. ಮತ್ತೆ ಅಲ್ಲೇ ಇಟ್ಟೆ.

ಎಲ್ಡನ್‌ಗೆ ಹೇಳುವಂತಿಲ್ಲ.
ಮೂವತ್ತೊಂದು ವರ್ಷ ಕಣಜದ ಗೋಪುರದಲ್ಲಿ
ಗೋಧಿಯ ಧೂಳು ಉಂಡ ಎದೆ ಅವನದು,
ಈಗ ಮಾತಿಗೆ ಮೊದಲು ಸಣ್ಣ ಸಿಳ್ಳೆ ಬರುತ್ತದೆ.
ಫಾರ್ಗೋದ ಡಾಕ್ಟರು ಕನ್ನಡಕ ಒರೆಸುತ್ತ ಅಂದರು:
ಬೆಕ್ಕು ಬೇಡ, ಉಣ್ಣೆ ಬೇಡ, ನಾಯಿಯಂತೂ ಬೇಡ.
"ಹೆಂಡತಿ?" ಎಂದು ಕೇಳಿದ ಇವನು.

ಹೋದ ಅಕ್ಟೋಬರಿನಲ್ಲಿ ನಾಯಿಯಿಲ್ಲದೆ ಹೋಗಿದ್ದೆ,
ಶೆಯೆನ್ ಹೊಳೆಯಾಚೆಯ ಜೋಳದ ಕೂಳೆಗೆ.
ನಾನು ಹೊಡೆದ ಫೆಸೆಂಟ್ ಹುಂಜ
ಜೊಂಡಿನೊಳಗೆ ಬಿತ್ತು, ಎದ್ದು ಓಡಿತು
ಮುರಿದ ರೆಕ್ಕೆ ಎಳೆಯುತ್ತ.
ಕತ್ತಲಾಗುವ ತನಕ ಮೊಣಕಾಲೂರಿ ಹುಡುಕಿದೆ.
ಆ ರಾತ್ರಿ ಅನ್ನ ಸೇರಲಿಲ್ಲ.
ಎಲ್ಡನ್ನೇ ಅಂದ, ತಟ್ಟೆ ನೋಡುತ್ತ:
"ಕೂದಲು ಉದುರದ ಜಾತಿ ಇದೆಯಂತೆ. ವಿಚಾರಿಸು."

ಕಾಫಿಯಂಗಡಿಯಲ್ಲಿ ಲೈಲ್ ಬಿದ್ದು ಬಿದ್ದು ನಕ್ಕ:
"ಪೂಡಲ್ಲೇ! ರಿಬ್ಬನ್ನು ಯಾವ ಬಣ್ಣದ್ದು?"
ಬಾತು ತರಲೆಂದೇ ಆ ಕುಲ
ಮೊದಲು ನೀರಿಗಿಳಿದದ್ದು ಅವನಿಗೆ ಗೊತ್ತಿಲ್ಲ.
ನಾನೂ ಹೇಳಲಿಲ್ಲ. ಬಿಲ್ಲು ಮಾತ್ರ ಅವನ ಕಡೆ ಸರಿಸಿದೆ.

ವೆಂಡೆಲಿನ್ ಶ್ಟಾಲನ ಕೊಟ್ಟಿಗೆಯಲ್ಲಿ ಏಳು ಮರಿ,
ತಾಯಿ ಪಾಯಿಂಟರ್, ಅಪ್ಪ ಪೂಡಲ್.
"ಗ್ಯಾರಂಟಿ ಕೇಳಬೇಡ," ಅಂದ ಮುದುಕ,
"ಬೆರಕೆ ಅಂದಮೇಲೆ ಒಂದೇ ಬಸಿರಲ್ಲಿ ಏಳು ಥರ."
ಒಂದಕ್ಕೆ ಅಜ್ಜನ ಗಡ್ಡ, ಒಂದಕ್ಕೆ ರೇಷ್ಮೆಯ ಮೈ,
ಒಂದಂತೂ ಪಾತ್ರೆ ಉಜ್ಜುವ ನಾರು.
ಗಾಳದ ಕೋಲಿಗೆ ಹುಂಜದ ರೆಕ್ಕೆ ಕಟ್ಟಿ
ಹುಲ್ಲಮೇಲೆ ಎಳೆದ.
ರೇಷ್ಮೆ ಮೈಯವನು ಕಲ್ಲಾಗಿ ನಿಂತ,
ಮುಂಗಾಲು ಎತ್ತಿ, ಬಾಲ ನೆಟ್ಟಗೆ,
ಎಂಟೇ ವಾರದ ಕೂಸು!
ನನ್ನ ಎದೆ ಅಲ್ಲೇ ಅವನ ಪಾಲಾಯಿತು.
ಬೆನ್ನು ಸವರಿದೆ. ಅಂಗೈ ತುಂಬ ಕೂದಲು.

ಮೂರು ದಿಂಬಿನ ಚೀಲ ಒಯ್ದಿದ್ದೆ.
ಮೂರು ಮರಿಗಳ ಮೈಗೆ ಚೆನ್ನಾಗಿ ಉಜ್ಜಿ
ಇದ್ದಿಲಿನಲ್ಲಿ ಒಂದು, ಎರಡು, ಮೂರು ಎಂದು ಬರೆದು ತಂದೆ.
ಮೊದಲ ರಾತ್ರಿ ಎಲ್ಡನ್ ಎದ್ದು ಕೂತ, ಕಿಟಕಿ ತೆರೆದ.
ಅದು ರೇಷ್ಮೆಯವನದು.
ಎರಡನೆಯದಕ್ಕೆ ಕೆಮ್ಮು, ಬೆಳಗಿನ ಜಾವಕ್ಕೆ.
ಮೂರನೆಯ ರಾತ್ರಿ ನಿದ್ದೆ ಬಾರದೆ ಹೊರಳಿದವಳು ನಾನು.
ಅವನ ಉಸಿರು ಕೇಳಿಸಲೇ ಇಲ್ಲ ನೋಡಿ,
ಮೂಗಿನ ಹತ್ತಿರ ಕೈ ಹಿಡಿದು ನೋಡಿದೆ.

ಹಾಗೆ ಬಂದವಳು ಈ ನಾರುಮೈಯವಳು.
ರೆಕ್ಕೆಯನ್ನು ಕಂಡು ಮೊದಲು ಅದರ ಮೇಲೆ ಕೂತಿದ್ದಳು.
"ಕಲಿಯುತ್ತಾಳೆ," ಅಂದಿದ್ದ ವೆಂಡೆಲಿನ್, ದುಡ್ಡೆಣಿಸುತ್ತ,
"ಆದರೆ ಕೇಳು, ಉದುರದ ಕೂದಲು
ಯಾವುದನ್ನೂ ಬಿಟ್ಟುಕೊಡುವುದಿಲ್ಲ.
ಮುಳ್ಳು, ಕೆಸರು, ಮಂಜಿನ ಗೋಲಿ,
ಸಂಜೆಗೊಂದು ತಾಸು ಬಾಚಣಿಗೆ ಹಿಡಿಯಬೇಕು."

ಇವತ್ತು ಮೊದಲ ಬೇಟೆ.
ಎರಡು ಹುಂಜ ಸುಮ್ಮನೆ ಎಬ್ಬಿಸಿ ಓಡಿಸಿದಳು.
ಮೂರನೆಯದಕ್ಕೆ ನಿಂತಳು, ಸ್ವಲ್ಪ ವಾಲಿಕೊಂಡು.
ಜೊಂಡಿಗೆ ಬಿದ್ದುದನ್ನು ತಂದಳು,
ಬಾಯಲ್ಲಿ ಹಿಡಿದ ಹಿಡಿತಕ್ಕೆ ಒಂದು ಗರಿ ಮುರಿದಿರಲಿಲ್ಲ.

ಈಗ ಜಗಲಿಯಲ್ಲಿ ಅವಳು, ಅವನು, ತಗಡಿನ ಡಬ್ಬಿ.
ನಾನು ಒಳಗೆ ಕೋಟು ಮೊಳೆಗೆ ಹಾಕುತ್ತ
ಯೋಚಿಸಬಾರದ್ದು ಯೋಚಿಸುತ್ತೇನೆ:
ಇವಳು ಹೋದಮೇಲೆ
ಯಾವ ಕಿಸೆಯಲ್ಲೂ ಏನೂ ಸಿಗುವುದಿಲ್ಲ.

ಹೊರಗೆ ಡಬ್ಬಿಗೆ ಅಂಟುಮುಳ್ಳು ಬೀಳುವ ಸದ್ದು.
ಎಣಿಸುತ್ತಿದ್ದಾನೆ ಎಲ್ಡನ್, ಜೋರಾಗಿ,
ನಡುವೆ ಎಲ್ಲೂ ನಿಲ್ಲದೆ:
ಮೂವತ್ತೆಂಟು, ಮೂವತ್ತೊಂಬತ್ತು,
ಅಲ್ಲಾಡಬೇಡವೇ ಹುಡುಗಿ,
ನಲವತ್ತು.